ಗಿಟಾರ್ ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ಹಳೆ ಪಿಕಪ್ ವಾಪಸ್ ಹಾಕಿ
ಎಲೆಕ್ಟ್ರಿಕ್ ಗಿಟಾರನ್ನು ಅಂಗಡಿಗೆ ಒಯ್ಯುವ ಮುಂಚೆ, ನೀವು ಬದಲಿಸಿದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ), ಟ್ಯೂನರ್ (ತಂತಿ ಬಿಗಿ ಮಾಡುವ ಕೀಲಿ), ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಭಾಗ) ಬಿಚ್ಚಿ ಕಂಪನಿಯಿಂದ ಬಂದದ್ದನ್ನೇ ವಾಪಸ್ ಹಾಕಿ. ಬಿಚ್ಚಿದ್ದನ್ನು ಬೇರೆಯಾಗಿ ಮಾರಿ. ಅಂಗಡಿಯವರು ಸಾಮಾನ್ಯವಾಗಿ ಬೆಲೆ ಕಟ್ಟುವುದು ಮಾಡೆಲ್ ನೋಡಿ. ನೀವು ಆಸೆಪಟ್ಟು ಹಾಕಿಸಿದ ಪಿಕಪ್‌ಗೆ ಜಾಸ್ತಿ ಸಿಗುವುದು ಅಪರೂಪ, ಎಷ್ಟೋ ಸಲ ಬೆಲೆ ಇಳಿಯುತ್ತದೆ, ಏಕೆಂದರೆ ಮುಂದೆ ಕೊಳ್ಳುವವರು ಒರಿಜಿನಲ್ ಇದೆಯಾ ಅಂತಲೇ ಕೇಳುತ್ತಾರೆ. ಅದೇ ಪಿಕಪ್ ಬಿಡಿಯಾಗಿದ್ದರೆ, ಅದನ್ನೇ ಹುಡುಕುತ್ತಿರುವವರು ಒಳ್ಳೆ ಬೆಲೆ ಕೊಡುತ್ತಾರೆ. ಬಿಚ್ಚುವ ಮುಂಚೆ ವೈರಿಂಗ್ ಫೋಟೋ ತೆಗೆದಿಟ್ಟುಕೊಳ್ಳಿ, ಮರೆಯಬೇಡಿ. ಹಂಬಕರ್ (ಎರಡು ಕಾಯಿಲ್ ಇರುವ ಪಿಕಪ್) ಕೂರಿಸಲು ಮರ ಕೊರೆದಿದ್ದರೆ, ಹೊಸ ಟ್ಯೂನರ್‌ಗೆ ತೂತು ಹೊಡೆದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಸುಮ್ನೆ ಮುಚ್ಚಿಡದೆ ಮೊದಲೇ ಹೇಳಿಬಿಡಿ. ವೈರ್ ಬೆಸೆಯುವ ಸೋಲ್ಡರಿಂಗ್ ಕೈಗೆ ಪಳಗಿಲ್ಲದಿದ್ದರೂ ಬೇಡ. ಒಂದು ಪಾಟ್ (ವಾಲ್ಯೂಮ್, ಟೋನ್ ನಾಬ್‌ನ ಕೆಳಗಿರುವ ಭಾಗ) ಸುಟ್ಟರೆ ಉಳಿಸಿದ್ದು ಅಲ್ಲೇ ಹೋಗುತ್ತದೆ.