‘ಕಂಪನಿಯ ಗುಟ್ಟು ಬಯಲು’ ಅನ್ನುವ ಪೋಸ್ಟ್ ಬಂದರೆ ನಾನು ಹೀಗೆ ಪರೀಕ್ಷಿಸುತ್ತೇನೆ

ಆನ್‌ಲೈನ್ ಅಂಗಡಿಗಳಿಗೆ ಸಾಮಾನಿನ ಪಟ್ಟಿ ಏರಿಸುವುದು ನನ್ನ ಕೆಲಸ. ಹೆಸರು, ಬೆಲೆ, ಅಳತೆ, ಫೋಟೋ, ಕೋಡ್, ದಿನವಿಡೀ ಇದೇ. ಹಾಗಾಗಿ ಸ್ಕ್ರೀನ್‌ಶಾಟ್‌ಗೆ ಕೆಂಪು ಗೆರೆ ಸುತ್ತಿ ‘ಸಾಕ್ಷಿ ಇಲ್ಲೇ ಇದೆ ನೋಡಿ’ ಅಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ.

2020ರ ಜುಲೈನಲ್ಲಿ ಅಮೆರಿಕದ ಫರ್ನಿಚರ್ ಕಂಪನಿ ವೇಫೇರ್ ಮೇಲೆ ಇಂಥದ್ದೇ ಕಥೆ ಹಬ್ಬಿತು. ಹತ್ತು ಸಾವಿರ ಡಾಲರ್‌ಗೂ ಜಾಸ್ತಿ ಬೆಲೆಯ ಬೀರುಗಳು, ಅವಕ್ಕೆ ಹುಡುಗಿಯರ ಹೆಸರು. ಅದೇ ಹೆಸರಿನ ಮಕ್ಕಳು ಕಾಣೆಯಾಗಿದ್ದಾರೆ, ಹಾಗಾದರೆ ಬೀರುವಿನ ನೆಪದಲ್ಲಿ ಮಕ್ಕಳನ್ನೇ ಮಾರುತ್ತಿದ್ದಾರೆ ಅಂತ ವಾದ.

ಮೊದಲು ಆ ಕೆಲಸ ಮಾಡುವವರನ್ನು ಕೇಳಿ. ಲೆಕ್ಕವಿಲ್ಲದಷ್ಟು ಸಾಮಾನಿಗೆ ಯಾರೂ ಕೂತು ನಾಮಕರಣ ಮಾಡುವುದಿಲ್ಲ. ಜನರ ಹೆಸರು, ಊರಿನ ಹೆಸರು, ಹೀಗೆ ಸಾಫ್ಟ್‌ವೇರ್ ಆರಿಸಿ ಅಂಟಿಸುತ್ತದೆ. ಬೆಲೆಯೂ ಅಷ್ಟೇ. ಆ ಬೀರುಗಳು ಕೈಗಾರಿಕೆಗೆ ಬಳಸುವಂಥವು, ಬೆಲೆ ಸರಿಯಾಗಿಯೇ ಇದೆ ಎಂದು ಕಂಪನಿ ಹೇಳಿತು. ಇನ್ನೊಂದು ಮಾತು: ಸ್ಟಾಕ್ ಮುಗಿದರೆ ಸಾಮಾನನ್ನು ಪಟ್ಟಿಯಿಂದ ತೆಗೆಯದೆ, ಯಾರೂ ಕೊಳ್ಳದಂಥ ಬೆಲೆ ಹಾಕಿಡುವ ಮಾರಾಟಗಾರರೂ ಇದ್ದಾರೆ. ವಿಚಿತ್ರ ಬೆಲೆ ಕಂಡ ಕೂಡಲೇ ಬೆಚ್ಚಬೇಡಿ.

ಎರಡನೆಯದು ನನಗೆ ತುಂಬಾ ಇಷ್ಟದ ಪರೀಕ್ಷೆ. ಬೀರುವಿನ ಕೋಡ್ ಜೊತೆ ಇನ್ನೆರಡು ಪದ ಸೇರಿಸಿ ಯಾಂಡೆಕ್ಸ್ ಅನ್ನುವ ರಷ್ಯಾದ ಸರ್ಚ್ ಎಂಜಿನ್‌ನಲ್ಲಿ ಹುಡುಕಿದರೆ ಹುಡುಗಿಯರ ಫೋಟೋ ಬರುತ್ತದೆ ಅನ್ನುವುದು ಆಗಿನ ದೊಡ್ಡ ‘ಸಾಕ್ಷಿ’. ನಿಜವಾಗಿಯೂ ಬರುತ್ತಿತ್ತು! ಆದರೆ ಕೋಡ್‌ನ ಜಾಗದಲ್ಲಿ ಬಾಯಿಗೆ ಬಂದ ಅಂಕಿ ಹಾಕಿದರೂ ಅಂಥವೇ ಫೋಟೋ ಬರುತ್ತಿದ್ದವು. ಪೋಸ್ಟ್ ಹೇಳಿದ್ದನ್ನು ಹಾಗೇ ಮಾಡಿ ನೋಡಿದರೆ ಸಾಲದು, ಬೇಕಂತಲೇ ತಪ್ಪು ಅಂಕಿ ಕೊಟ್ಟೂ ನೋಡಿ. ಆಗಲೂ ಅದೇ ಉತ್ತರ ಬಂದರೆ ಆ ಕೋಡ್‌ಗೆ ಅರ್ಥವೇ ಇಲ್ಲ.

ಆಮೇಲೆ ಮಕ್ಕಳ ವಿಷಯ. ‘ಕಾಣೆಯಾಗಿದ್ದಾರೆ’ ಅನ್ನುವುದು ಯಾವ ತಾರೀಕಿನ ಸುದ್ದಿ ನೋಡಿ. ಆ ಪಟ್ಟಿಯಲ್ಲಿದ್ದ ಕೆಲವರು ಅಷ್ಟರಲ್ಲೇ ಮನೆ ಸೇರಿದ್ದರು. ಒಬ್ಬ ಯುವತಿಯಂತೂ ಫೇಸ್‌ಬುಕ್ ಲೈವ್‌ಗೆ ಬಂದು ತಾನು ಕಾಣೆಯಾಗಿಲ್ಲ ಎಂದು ಹೇಳಬೇಕಾಯಿತು.

ಈ ಸುದ್ದಿಯಿಂದ ಯಾರಿಗೆ ಲಾಭ ಅಂತಲೂ ಕೇಳಿ. ಸೋಪು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಚಂದ್ರ, 13 ನಕ್ಷತ್ರಗಳ ಲಾಂಛನ ಸೈತಾನನದ್ದು ಅನ್ನುವ ಪುಕಾರು ವರ್ಷಗಟ್ಟಲೆ ಓಡಿತು. ಅದನ್ನು ಹರಡಿದ್ದಕ್ಕೆ, ಅದರ ಪ್ರತಿಸ್ಪರ್ಧಿ ಕಂಪನಿ ಆಮ್‌ವೇಯ ವಿತರಕರಾಗಿದ್ದ ನಾಲ್ವರು 1.925 ಕೋಟಿ ಡಾಲರ್ ಕೊಡಬೇಕೆಂದು 2007ರಲ್ಲಿ ಅಮೆರಿಕದ ಜ್ಯೂರಿ ತೀರ್ಪು ಕೊಟ್ಟಿತು. ಸೋಪು ಮಾರುವವರ ಜಗಳಕ್ಕೆ ಸೈತಾನ ಬಂದಿದ್ದ, ಅಷ್ಟೇ.

ಹಾಗಂತ ಕಂಪನಿಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಫೋಕ್ಸ್‌ವ್ಯಾಗನ್ ನೆನಪಿದೆ ಅಲ್ವಾ? ಕಾರು ಪರೀಕ್ಷೆಯಲ್ಲಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಹಾಕಿದ್ದರು. ಸುಮಾರು 1.1 ಕೋಟಿ ಕಾರುಗಳಲ್ಲಿ. ಅದು ಸಿಕ್ಕಿಬಿದ್ದದ್ದು ಹೇಗೆ? ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಳೆಯುವ ಉಪಕರಣವನ್ನು ಕಾರಿಗೇ ಕಟ್ಟಿ ರಸ್ತೆಯಲ್ಲಿ ಓಡಿಸಿದರು. ಲ್ಯಾಬ್‌ನ ಅಂಕಿಗೂ ರಸ್ತೆಯ ಅಂಕಿಗೂ ತಾಳೆಯಾಗಲಿಲ್ಲ. ಅಲ್ಲಿನ ಸರ್ಕಾರದ ಸಂಸ್ಥೆ ಮತ್ತೆ ಪರೀಕ್ಷಿಸಿತು, ಪ್ರಶ್ನೆ ಕೇಳಿತು, 2015ರ ಸೆಪ್ಟೆಂಬರ್‌ನಲ್ಲಿ ನೋಟಿಸ್ ಕೊಟ್ಟಿತು. ಇದರಲ್ಲಿ ಗುಪ್ತ ಸಂಕೇತ ಒಂದೂ ಇಲ್ಲ, ಬರೀ ಬೋರು ಹೊಡೆಸುವ ಅಂಕಿಗಳು. ನಿಮ್ಮ ಕೈಯಲ್ಲಿರುವ ಪೋಸ್ಟ್‌ನಲ್ಲೂ ಅಂಥದ್ದನ್ನೇ ಹುಡುಕಿ: ಯಾರು ಅಳೆದರು, ಯಾವಾಗ, ಬೇರೆಯವರು ಅಳೆದರೆ ಅದೇ ಬಂತಾ?

ಕಳಿಸಿದವರನ್ನು ಗುಂಪಿನಲ್ಲಿ ಎಲ್ಲರೆದುರು ಬೈಯಬೇಡಿ. ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ: ‘ಏನು ಕಂಡರೆ ಇದು ಸುಳ್ಳು ಅಂತ ಒಪ್ತೀರಾ?’ ವೇಫೇರ್ ಆ ಬೀರುಗಳನ್ನು ಪಟ್ಟಿಯಿಂದ ತೆಗೆದಾಗ ಅದನ್ನೂ ಸಾಕ್ಷಿ ಎಂದರು. ತೆಗೆಯದಿದ್ದರೂ ಅದನ್ನೇ ಅನ್ನುತ್ತಿದ್ದರು.

ನಿಮ್ಮ ಕಣ್ಣಾರೆ ಏನಾದರೂ ಕಂಡಿದ್ದರೆ ಮಾತು ಬೇರೆ. ಲಿಂಕ್, ತಾರೀಕು, ಕತ್ತರಿಸದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರಿಗೆ ಕೊಡಿ. ಫಾರ್ವರ್ಡ್ ಆಗಿ ಬಂದಿದ್ದನ್ನು ಮಾತ್ರ ಸಹಾಯವಾಣಿಗೆ ತುಂಬಬೇಡಿ. ವೇಫೇರ್ ಗದ್ದಲದಲ್ಲಿ ಅಮೆರಿಕದ ಮಾನವ ಕಳ್ಳಸಾಗಣೆ ಸಹಾಯವಾಣಿಗೆ ಅಂಥ ದೂರುಗಳು ಎಷ್ಟು ಬಂದವೆಂದರೆ, ನಿಜಕ್ಕೂ ನೆರವು ಬೇಕಾದವರನ್ನು ತಲುಪುವುದೇ ಕಷ್ಟವಾಗುತ್ತಿದೆ ಎಂದು ಅದನ್ನು ಆಗ ನಡೆಸುತ್ತಿದ್ದ ಪೊಲಾರಿಸ್ ಸಂಸ್ಥೆ ಹೇಳಬೇಕಾಯಿತು.