ಅವಿಭಾಜ್ಯಗಳ ಜೋಡಣೆ: 2357 ಆದಮೇಲೆ ಏನೂ ಸಿಗದಿದ್ದರೆ

ತುಮಕೂರಿನ ವಿದ್ಯಾರ್ಥಿಗಳ ಗಣಿತ ಪ್ರಾಜೆಕ್ಟಿಗೆ ಮಾಡಿದ್ದು. ಅವಿಭಾಜ್ಯಗಳನ್ನು ಸಾಲಾಗಿ ಅಂಟಿಸಿದರೆ 2, 23, 235, 2357... ಇದರಲ್ಲಿ 2, 23, 2357 ಅವಿಭಾಜ್ಯ. ಮುಂದಿನದು ಸಿಗುತ್ತಲೇ ಇರಲಿಲ್ಲ.

ಎಕ್ಸೆಲ್ ಹಿಡಿಯುವುದು 15 ಅಂಕಿ ಮಾತ್ರ. 29 ಅಂಟಿಸಿದೊಡನೆ ಕೊನೆಯ 9 ಸೊನ್ನೆಯಾಗುತ್ತದೆ. ಪೈಥಾನ್‌ನಲ್ಲಿ ವರ್ಗಮೂಲದವರೆಗೆ ಭಾಗಿಸುತ್ತಾ ಹೋದರೆ ಮುಗಿಯುವುದೇ ಇಲ್ಲ.

ಫಲ ಕೊಟ್ಟ ಕ್ರಮ: ಮೊದಲು, 3ರಿಂದ 997ರವರೆಗಿನ ಅವಿಭಾಜ್ಯಗಳ ಗುಣಲಬ್ಧದ ಜೊತೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆದು, 1 ಬರದಿದ್ದರೆ ಆ ಸಂಖ್ಯೆ ಬಿಡಿ. ಈ ಜರಡಿ 2357 ದಾಟಿದ ಮೇಲಷ್ಟೇ ಹಾಕಬೇಕು, ಇಲ್ಲದಿದ್ದರೆ 23 ಕೂಡ ಹೊರಬೀಳುತ್ತದೆ. ಉಳಿದ ಸಂಖ್ಯೆ n ಆದರೆ, ಅದಕ್ಕೆ ಪೈಥಾನ್‌ನ pow(2, n-1, n), ಅಂದರೆ 2ರ n-1ನೇ ಘಾತವನ್ನು n ನಿಂದ ಭಾಗಿಸಿದಾಗ ಬರುವ ಶೇಷ. ಉತ್ತರ 1 ಬರಬೇಕು. ಮೂರನೇ ಬೆಲೆ ಬಿಟ್ಟು, ಘಾತ ಮಾಡಿ ಆಮೇಲೆ ಶೇಷ ತೆಗೆಯಲು ಹೋದರೆ ಮೆಮೊರಿ ಸಾಲದು. ಪಾಸಾದದ್ದನ್ನು 2ರ ಬದಲು ಬೇರೆ ಬೇರೆ ಆಧಾರ ಸಂಖ್ಯೆಗಳಿಂದ ಮಿಲ್ಲರ್-ರಾಬಿನ್ ಪರೀಕ್ಷೆಗೆ (ಅವಿಭಾಜ್ಯವೇ ಎಂದು ನೋಡುವ ಇನ್ನೂ ಬಿಗಿಯಾದ ಪರೀಕ್ಷೆ) ಹಾಕಿ.

ಇಂಥ ನಾಲ್ಕನೆಯ ಅವಿಭಾಜ್ಯ 719 ಅಂಟಿಸಿದಾಗ ಸಿಗುತ್ತದೆ: 128 ಅವಿಭಾಜ್ಯಗಳು, ಒಟ್ಟು 355 ಅಂಕಿ.