ಅಕ್ಕಿ ರೊಟ್ಟಿ ಬಿಡದೆಯೇ ಪಿಸಿಒಎಸ್ ಹತೋಟಿಗೆ ಬಂದ ಬಗೆ: ನನ್ನ ಅನುಭವ

ಮಗುವಿಗೆ ವರ್ಷ ತುಂಬಿದ ಮೇಲೆಯೇ ಇದನ್ನು ಬರೆಯಬೇಕೆಂದು ನಿಶ್ಚಯಿಸಿದ್ದೆ. ಸೋಮವಾರಪೇಟೆಯ ಕಡೆಯ ತೋಟದ ಮನೆಯಲ್ಲಿದ್ದುಕೊಂಡು, ಜಿಮ್ಮಿನ ಮುಖ ನೋಡದೆ, ಅಕ್ಕಿಯನ್ನು ಪೂರ್ತಿ ಬಿಡದೆ, ಪ್ರನಾಳ ಶಿಶುವಿನ ಐವಿಎಫ್ ಚಿಕಿತ್ಸೆ ಮಾಡಿಸದೆ ನನ್ನಂಥ ಪಿಸಿಒಎಸ್ ಇರುವವಳಿಗೆ ಗರ್ಭ ನಿಲ್ಲುತ್ತದೆಯೇ ಎಂದು ಸಂದೇಹಪಟ್ಟವರಲ್ಲಿ ಮನೆಯವರೂ ಇದ್ದರು, ವೈದ್ಯರೂ ಇದ್ದರು. ಪಿಸಿಒಎಸ್ ಎಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡ ಸರಿಯಾಗಿ ಬಲಿತು ಬಿಡುಗಡೆಯಾಗದ ತೊಂದರೆ; ಹಲವರಲ್ಲಿ ಇದರ ಜೊತೆಗೆ ಇನ್ಸುಲಿನ್ ಪ್ರತಿರೋಧವೂ, ಅಂದರೆ ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದೂ ಇರುತ್ತದೆ. ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗಿನಲ್ಲಿ ಅಂಡಾಶಯದ ತುಂಬ ಸಣ್ಣ ಕೋಶಗಳು ಎಂಬ, 2003ರ ರಾಟರ್‌ಡ್ಯಾಮ್ ಮಾನದಂಡದ ಮೂರು ಲಕ್ಷಣಗಳಲ್ಲಿ ಎರಡಿದ್ದರೆ ಪಿಸಿಒಎಸ್ ಎನ್ನುತ್ತಾರೆ. ನನಗೆ ಮೂರೂ ಇದ್ದವು. ಎತ್ತರ 158 ಸೆಂ.ಮೀ., ತೂಕ 78 ಕೆ.ಜಿ., ಹೊಟ್ಟೆಯ ಸುತ್ತಳತೆ 96ರ ಆಸುಪಾಸು, ಕತ್ತಿನ ಹಿಂದೆ ಕಪ್ಪು ಪಟ್ಟಿ, ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.9, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಮೊದಲ ಎರಡು ವರ್ಷಗಳಲ್ಲಿ ಕೈಬಿಟ್ಟುಹೋದ ಹಣ ಲಕ್ಷ ರೂಪಾಯಿಯ ಹತ್ತಿರ ಇದ್ದೀತು. ಅಂತರ್ಜಾಲದ ಮೂಲಕ ಕೊಂಡ ಆಹಾರ ಯೋಜನೆಗೆ ಸುಮಾರು 18,000 ಕೊಟ್ಟೆವು. ಅದರ ಪಟ್ಟಿಯಲ್ಲಿ ಓಟ್ಸ್, ಕಿನೋವಾ ಮತ್ತು ಬೆಣ್ಣೆಹಣ್ಣು ಇದ್ದವು. ಬೆಣ್ಣೆಹಣ್ಣು ನಮ್ಮ ಕಾಫಿ ತೋಟದಲ್ಲಿ ಬಿದ್ದು ಕೊಳೆಯುವ ವಸ್ತುವಾದ್ದರಿಂದ ಅದೊಂದೇ ಪುಕ್ಕಟೆಯಾಗಿ ಸಿಕ್ಕಿತು. ಉಳಿದದ್ದನ್ನು ಎರಡು ತಿಂಗಳು ಅಗಿದು ಬಿಟ್ಟೆ. ಮೈಸೂರಿನಲ್ಲಿ ಮಾಡಿಸಿದ ಕಷಾಯ ಮತ್ತು ಲೇಹ್ಯದ ಚಿಕಿತ್ಸೆಗೆ 25,000ದಷ್ಟಾಯಿತು. ಪಿಸಿಒಎಸ್‌ಗೆಂದು ಮಾರುವ ಮಯೋ-ಇನೋಸಿಟಾಲ್ ಎಂಬ ಪೂರಕದ ಪುಡಿಗೆ ತಿಂಗಳಿಗೆ 1,200ರಿಂದ 1,500. ಕೆಲವರಿಗೆ ಅದು ಒಗ್ಗುತ್ತದೆ, ನನ್ನ ಮುಟ್ಟಿನ ಲೆಕ್ಕದಲ್ಲಿ ಮಾತ್ರ ಅದರಿಂದ ಯಾವ ಬದಲಾವಣೆಯೂ ಕಾಣಲಿಲ್ಲ. ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜು ಕೊಡುವ ಎಎಂಎಚ್ ಹಾರ್ಮೋನಿನ ಪರೀಕ್ಷೆಯನ್ನು ಸುಮಾರು ಎರಡು ಸಾವಿರದಂತೆ ಮತ್ತೆ ಮತ್ತೆ ಮಾಡಿಸಿದರು. ಪಿಸಿಒಎಸ್ ಇರುವವರಲ್ಲಿ ಅದು ಹೆಚ್ಚಿರುವುದು ಸಾಮಾನ್ಯ. ಪ್ರತಿ ಸಲವೂ ಹೆಚ್ಚೇ ಬಂದಿತು, ಪ್ರತಿ ಸಲವೂ ಚಿಕಿತ್ಸೆ ಅದೇ ಉಳಿಯಿತು.

ಈ ಎಲ್ಲಕ್ಕಿಂತ ಹೆಚ್ಚು ಕಾಲ ತಿಂದದ್ದು ಮುಟ್ಟು ಬರಿಸುವ ಮಾತ್ರೆ. ಐದು ದಿನ ಅಥವಾ ಹತ್ತು ದಿನ ನುಂಗಿ ನಿಲ್ಲಿಸಿದರೆ ವಾರದೊಳಗೆ ಮುಟ್ಟು ಬರುತ್ತಿತ್ತು, ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಗರ್ಭಕೋಶದ ಒಳಪದರ ದಪ್ಪಗಟ್ಟಿ ಕೂರದಂತೆ ವರ್ಷಕ್ಕೆ ನಾಲ್ಕು ಸಲವಾದರೂ ಮುಟ್ಟಾಗಬೇಕೆಂಬುದು ನಿಜ. ಆ ಮಟ್ಟಿಗೆ ಮಾತ್ರೆ ತನ್ನ ಕೆಲಸ ಮಾಡಿದೆ. ಆದರೆ ಅಂಡ ಬಿಡುಗಡೆಯಾಗದೆಯೂ ಹೀಗೆ ಮುಟ್ಟು ಬರುತ್ತದೆ, ಅಂಥ ಹತ್ತು ಮುಟ್ಟು ಬಂದರೂ ಮಗುವಾಗುವುದಿಲ್ಲ. ಇದನ್ನು ಬಿಡಿಸಿ ಹೇಳಿದವರು ಬಹಳ ತಡವಾಗಿ ಸಿಕ್ಕಿದರು. ಅಷ್ಟರಲ್ಲಿ ದೊಡ್ಡ ಊರಿನ ಚಿಕಿತ್ಸಾ ಕೇಂದ್ರವೊಂದು ಔಷಧಿಯ ಖರ್ಚು ಬಿಟ್ಟು ಒಂದೂಮುಕ್ಕಾಲು ಲಕ್ಷದ ಐವಿಎಫ್ ಅಂದಾಜನ್ನು ಕೈಗಿಟ್ಟಿತ್ತು. ನಮ್ಮವರ ವೀರ್ಯ ಪರೀಕ್ಷೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೇ ಎತ್ತಿದಾಗ, “ನನಗೇನಾಗಿದೆ? ಐವತ್ತು ಕೆ.ಜಿ. ಮೂಟೆ ಹೊರುತ್ತೇನಲ್ಲ” ಎಂದರು. ಆರುನೂರೋ ಏಳುನೂರೋ ರೂಪಾಯಿಯ ಆ ಪರೀಕ್ಷೆಗೆ ಅವರನ್ನು ಒಪ್ಪಿಸಲು ಹಿಡಿದ ಕಾಲದಲ್ಲಿ ಒಂದು ಕಾಫಿ ಕೊಯ್ಲೇ ಮುಗಿದುಹೋಯಿತು. ಫಲಿತಾಂಶ ಸರಿಯಾಗಿತ್ತು, ಸರಿಯಿಲ್ಲದಿದ್ದರೆ ನನ್ನ ತೂಕವೆಷ್ಟು ಇಳಿದರೂ ಏನು ಪ್ರಯೋಜನವಿತ್ತು? ಆದ್ದರಿಂದ ಯಾರಾದರೂ ಕೇಳಿದರೆ ಮೊದಲು ಆ ಚೀಟಿ ತರಲು ಹೇಳುತ್ತೇನೆ.

ನನ್ನ ಕ್ರಮ ಆರಂಭವಾದದ್ದು ಸಕ್ಕರೆ ನೋಡುವ ಮೀಟರಿನಿಂದ. ಮೀಟರು ಸಾವಿರದೊಳಗೆ ಬಂದಿತು, ರಕ್ತದ ಹನಿ ಹಾಕುವ ಪಟ್ಟಿಗಳೇ ದುಬಾರಿ. ಊಟ ಶುರುವಾದ ಒಂದು ಗಂಟೆಗೆ ಬೆರಳು ಚುಚ್ಚಿ ಪಂಚಾಂಗದ ಹಿಂಬದಿಯಲ್ಲಿ ಬರೆದಿಡುತ್ತಿದ್ದೆ. ಮೀಟರಿನ ಅಂಕಿ ಹತ್ತು ಹದಿನೈದು ಆಚೀಚೆ ಆಗುತ್ತದೆ, ಆದರೂ ದಿಕ್ಕು ತಿಳಿಯಲು ಅಷ್ಟು ಸಾಕು. ಎರಡು ಅಕ್ಕಿ ರೊಟ್ಟಿಯನ್ನು ಬರೀ ಚಟ್ನಿಯೊಂದಿಗೆ ತಿಂದ ದಿನ 170ರ ಮೇಲೆ ಹೋಗುತ್ತಿತ್ತು. ಗಂಜಿ ಕುಡಿದ ದಿನ ಅದಕ್ಕಿಂತಲೂ ಮೇಲೆ. ಎಲ್ಲರೂ ರಾಗಿ ಮುದ್ದೆಯನ್ನು ಹೊಗಳುತ್ತಾರೆ. ಮಿಲ್ಲಿನಲ್ಲಿ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ನನ್ನಲ್ಲಿ ಅನ್ನಕ್ಕಿಂತ ಹೆಚ್ಚೇನೂ ಕಡಿಮೆ ತೋರಿಸಲಿಲ್ಲ. ಎರಡು ಮೊಟ್ಟೆ ಮತ್ತು ಒಂದು ಬಟ್ಟಲು ಹುರುಳಿಕಾಳಿನ ಪಲ್ಯ ಮೊದಲು ತಿಂದು, ಹತ್ತು ನಿಮಿಷ ಬಿಟ್ಟು ಅದೇ ಎರಡು ಅಕ್ಕಿ ರೊಟ್ಟಿಯನ್ನು ತಿಂದಾಗ 140ರ ಸುತ್ತ ನಿಂತಿತು. ಊಟದ ಮೇಲೆ ಕಾಲು ಗಂಟೆ ನಡೆದರೆ ಇನ್ನಷ್ಟು ಇಳಿಯುತ್ತಿತ್ತು. ಹೀಗೆ ಮೊದಲು ಮೊಟ್ಟೆ, ಮೀನು, ಕಾಳು ಅಥವಾ ಕೊಬ್ಬು ತೆಗೆದ ಹಂದಿ ಮಾಂಸ. ಆಮೇಲೆ ಸೊಪ್ಪು, ಬೀನ್ಸ್, ಮಳೆಗಾಲದಲ್ಲಿ ಕಣಿಲೆ, ಅಂದರೆ ಎಳೆ ಬಿದಿರು. ಕೊನೆಗೆ ರೊಟ್ಟಿ ಎಂಬುದು ನನ್ನ ತಟ್ಟೆಯ ಕ್ರಮವಾಯಿತು. ರೊಟ್ಟಿಯೂ ಮೊದಲಿನದಲ್ಲ. ನಮ್ಮ ಕಡೆ ಅನ್ನ ಮತ್ತು ಅಕ್ಕಿ ಹಿಟ್ಟನ್ನು ಸೇರಿಸಿ ನಾದುತ್ತಾರೆ. ಅನ್ನದ ಬದಲು ನಾನು ಸೇರಿಸುವ ಪದಾರ್ಥ ಬೇರೆ, ಅದರಿಂದ ರೊಟ್ಟಿ ಬಿರಿಯುವುದಿಲ್ಲ, ಮೀಟರಿನ ಅಂಕಿಯೂ ಹಾರುವುದಿಲ್ಲ. ಅದೇನೆಂದು ನನ್ನ ನಾದಿನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. “ಅನ್ನ ಕಡಿಮೆ ಮಾಡಿದರೆ ಮೈಯಲ್ಲಿ ರಕ್ತ ಎಲ್ಲಿಂದ ಬರಬೇಕಮ್ಮ?” ಎಂದು ದಿನವೂ ಕೇಳುತ್ತಿದ್ದರು. ಅವರಿಗೆ ಉತ್ತರವಾಗಿ ಹಿಮೋಗ್ಲೋಬಿನ್ ಚೀಟಿಯನ್ನು ಅಡುಗೆಮನೆಯ ಕಪಾಟಿಗೆ ಅಂಟಿಸಿದೆ. 10ರಲ್ಲಿದ್ದದ್ದು 12 ದಾಟಿತ್ತು. ಅನ್ನ ಇಳಿಸುವುದಕ್ಕಿಂತ ಕಷ್ಟವಾದದ್ದು ಬೆಲ್ಲದ ಕಾಫಿ. ಕೊಯ್ಲಿನ ಕಾಲದಲ್ಲಿ ಆಳುಗಳಿಗೆ ಕಾಯಿಸುವಾಗಲೆಲ್ಲ ನನಗೂ ಒಂದು ಲೋಟ, ದಿನಕ್ಕೆ ಐದಾರು ಲೋಟವಾಗುತ್ತಿತ್ತು. ಲೋಟಕ್ಕೆ ಎರಡು ಚಮಚ ಬೆಲ್ಲವೆಂದು ಹಿಡಿದರೂ ಸಂಜೆಯ ಹೊತ್ತಿಗೆ ಒಂದು ಅಚ್ಚಿನ ಅರ್ಧ ಹೊಟ್ಟೆಗೆ ಸೇರಿರುತ್ತಿತ್ತು. ಸಿಹಿಯಿಲ್ಲದ ಕಾಫಿಗೆ ನಾಲಿಗೆ ಒಗ್ಗಲು ಒಂದೂವರೆ ತಿಂಗಳು ಹಿಡಿಯಿತು.

ನಡಿಗೆಯ ವಿಷಯದಲ್ಲಿ ಪೇಟೆಯವರ ಸಲಹೆ ನಮಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಂತಳ್ಳಿಯ ಕಡೆಯ ಮಳೆಯಲ್ಲಿ ಕೊಡೆ ನಿಲ್ಲುವುದಿಲ್ಲ, ಕಾಲಿಗೆ ಜಿಗಣೆ. ಮಳೆ ಬಿಟ್ಟ ಮೇಲೆ ಮುಂಜಾನೆ ತೋಟದ ದಾರಿಯಲ್ಲಿ ಆನೆಯ ಭಯ. ಹಾಗಾಗಿ ಗೊಬ್ಬರದ ಹಳೆಯ ಚೀಲಗಳಲ್ಲಿ ಮರಳು ತುಂಬಿ ಐದು, ಎಂಟು, ಹನ್ನೆರಡು ಕೆ.ಜಿ.ಯ ಗಂಟುಗಳನ್ನು ಕಟ್ಟಿ, ಕಾಫಿ ತೂಗುವ ತಕ್ಕಡಿಯಲ್ಲೇ ತೂಗಿ ಗುರುತು ಹಾಕಿದೆ. ಅವನ್ನು ಎದೆಗವಚಿಕೊಂಡು ಕೂತು ಏಳುವುದು, ನೆಲದಿಂದ ಎತ್ತುವುದು, ತಲೆಯ ಮೇಲಕ್ಕೆ ಒತ್ತುವುದು, ಹೊತ್ತುಕೊಂಡು ಅಟ್ಟದ ಮೆಟ್ಟಿಲು ಹತ್ತುವುದು. ವಾರಕ್ಕೆ ಮೂರು ನಾಲ್ಕು ದಿನ, ಅರ್ಧ ಗಂಟೆ. ಮೊದಲ ವಾರಗಳಲ್ಲಿ ತೂಕ ಇಳಿಯದೆ ಅರ್ಧ ಕೆ.ಜಿ. ಏರಿತು, ಆದರೆ ಅಳತೆಯ ಟೇಪು ಎರಡು ಸೆಂ.ಮೀ. ಒಳಗೆ ಬಂದಿತ್ತು, ಅಂದಿನಿಂದ ತಕ್ಕಡಿಗಿಂತ ಟೇಪನ್ನೇ ನಂಬಿದೆ. ಆ ಹನ್ನೆರಡರ ಗಂಟನ್ನು ಕಂಡು ನಕ್ಕಿದ್ದ ನಮ್ಮವರು ಮುಂದಿನ ಮಳೆಗಾಲದಲ್ಲಿ ನಾನು ಇಪ್ಪತ್ತರದನ್ನು ಹೊತ್ತು ಅಟ್ಟ ಹತ್ತಿದಾಗ ಸುಮ್ಮನೆ ದಾರಿ ಬಿಟ್ಟರು. ಮದುವೆ ಊಟಗಳನ್ನು ದಾಟಿದ ಉಪಾಯವೊಂದಿದೆ. ನೆಂಟರೂ ಇದನ್ನು ಓದುವುದರಿಂದ ಅದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೆಲವು ಅಡ್ಡ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಪುದೀನದಲ್ಲಿ ಸ್ಪಿಯರ್‌ಮಿಂಟ್ ಎಂಬ ಜಾತಿಯ ಕಷಾಯ ಗಂಡು ಹಾರ್ಮೋನನ್ನು ತಗ್ಗಿಸುತ್ತದೆಂದು ಸಣ್ಣ ಅಧ್ಯಯನಗಳಿವೆ. ಕುಂಡದಲ್ಲಿ ಬೆಳೆಸಿ ನಾಲ್ಕೈದು ತಿಂಗಳು ಕುಡಿದೆ. ಗಲ್ಲದ ಕೂದಲು ಕದಲಲಿಲ್ಲ. ಕೊಡವರ ಕಕ್ಕಡ ತಿಂಗಳಿನ ಹದಿನೆಂಟನೆಯ ದಿನ, ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ ತಿಂದರೆ ಗರ್ಭಕೋಶ ಗಟ್ಟಿಯಾಗುತ್ತದೆಂದು ನೆರೆಯ ಕೊಡವರ ಮನೆಯ ಅಜ್ಜಿ ಪ್ರತಿ ವರ್ಷ ಕಳಿಸಿಕೊಡುತ್ತಾರೆ. ಅದರ ಬಣ್ಣ ಮರುದಿನ ಮೂತ್ರದಲ್ಲಿ ಕಾಣುತ್ತದೆ, ಒಂದು ಗಂಟೆಯ ಮೇಲೆ ಮೀಟರಿನಲ್ಲಿ ಪಾಯಸದ ಬೆಲ್ಲ ಕಾಣುತ್ತದೆ. ಅದಕ್ಕಿಂತ ಹೆಚ್ಚಿನ ಗುಣ ನನಗೆ ಕಾಣಲಿಲ್ಲ. ಆದರೂ ವರ್ಷಕ್ಕೊಂದು ಬಟ್ಟಲು ತಿನ್ನುತ್ತೇನೆ, ಏಕೆಂದರೆ ರುಚಿಯಾಗಿರುತ್ತದೆ.

ಇನ್ನು ಮುಖ್ಯ ವಿಷಯ. ತೂಕ 73ಕ್ಕೆ ಬಂದಾಗ, ಅಂದರೆ ಶೇಕಡಾ ಆರೇಳರಷ್ಟು ಇಳಿದಾಗ, ಮುಟ್ಟು ನಲವತ್ತು ದಿನಗಳ ಆಸುಪಾಸಿಗೆ ತಾನಾಗಿ ಬರತೊಡಗಿತು. ಅಂಡ ಬಿಡುಗಡೆಯಾಗುತ್ತಿದೆಯೇ ಎಂದು ತಿಳಿಯಲು ಔಷಧಿ ಅಂಗಡಿಯ ಎಲ್‌ಎಚ್ ಪಟ್ಟಿಗಳನ್ನು ತಂದಿದ್ದೆ; ಅಂಡ ಬಿಡುಗಡೆಗೆ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಅವು ಮೂತ್ರದಲ್ಲಿ ತೋರಿಸುತ್ತವೆ. ಪಿಸಿಒಎಸ್ ಇರುವ ನಮ್ಮಂಥವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರುವುದುಂಟು. ಆದ್ದರಿಂದ ಪಟ್ಟಿಯ ಎರಡನೆಯ ಗೆರೆ ವಾರಗಟ್ಟಲೆ ಗಾಢವಾಗಿಯೇ ಉಳಿದು, ಡಬ್ಬಿಗಟ್ಟಲೆ ಪಟ್ಟಿ ವ್ಯರ್ಥವಾಯಿತು. ಅದನ್ನು ಬಿಟ್ಟು, ಎರಡು ದಶಮಾಂಶ ತೋರಿಸುವ ಥರ್ಮಾಮೀಟರನ್ನು ದಿಂಬಿನ ಕೆಳಗಿಟ್ಟು, ಎಚ್ಚರವಾದೊಡನೆ ಏಳದೆ ಉಷ್ಣತೆ ನೋಡಿ ಬರೆದೆ. 97.3, 97.4 ಎಂದು ಓಡಾಡುತ್ತಿದ್ದದ್ದು ಒಂದು ಬೆಳಿಗ್ಗೆ 97.9ಕ್ಕೆ ಏರಿ ಅಲ್ಲಿಯೇ ನಿಂತಿತು. ಏರಿದ ಏಳನೆಯ ದಿನದ ಸುಮಾರಿಗೆ ಕುಶಾಲನಗರಕ್ಕೆ ಹೋಗಿ, ಅಂಡ ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟೆರಾನ್ ಹಾರ್ಮೋನಿನ ಪರೀಕ್ಷೆ ಮಾಡಿಸಿದೆ. ಹಿಂದೆ ಬೇರೊಂದು ಪ್ರಯೋಗಾಲಯದಲ್ಲಿ ಇಪ್ಪತ್ತೊಂದನೆಯ ದಿನವೆಂದು ಕುರುಡಾಗಿ ತೆಗೆದ ರಕ್ತದಲ್ಲಿ 0.6 ಇತ್ತು, ನಲವತ್ತು ದಿನಗಳ ಚಕ್ರದಲ್ಲಿ ಇಪ್ಪತ್ತೊಂದನೆಯ ದಿನಕ್ಕೆ ಅರ್ಥವೇ ಇಲ್ಲ. ಈ ಸಲ 9ರ ಹತ್ತಿರ ಬಂದಿತು. ಮೂರು ದಾಟಿದರೆ ಅಂಡ ಬಿಡುಗಡೆಯಾಗಿದೆ ಎಂದು ಹಿಡಿಯುತ್ತಾರೆ. ಆರುನೂರು ರೂಪಾಯಿಯ ಆ ಒಂದು ಚೀಟಿ ಹಿಂದಿನ ಲಕ್ಷ ರೂಪಾಯಿಗಿಂತ ಹೆಚ್ಚು ತಿಳಿಸಿತು.

ಮೈ ಇನ್ಸುಲಿನ್‌ಗೆ ಸ್ಪಂದಿಸಲು ನೆರವಾಗುವ ಮೆಟ್‌ಫಾರ್ಮಿನ್ ಮಾತ್ರೆಯೂ ಇದರ ಜೊತೆಯಲ್ಲೇ ನಡೆಯುತ್ತಿತ್ತು. ಸಾಮಾನ್ಯ ಮಾತ್ರೆಯಿಂದ ಹೊಟ್ಟೆ ಕೆಟ್ಟು ಬಸ್ಸು ಹತ್ತುವುದೇ ಕಷ್ಟವಾಗಿದ್ದರಿಂದ ವೈದ್ಯೆ ನಿಧಾನವಾಗಿ ಕರಗುವ ಬಗೆಯದನ್ನು ರಾತ್ರಿ ಊಟದೊಂದಿಗೆ 500 ಮಿ.ಗ್ರಾಂ.ನಿಂದ ಆರಂಭಿಸಿ ಏರಿಸಿದರು. ಜನೌಷಧಿ ಅಂಗಡಿಯಲ್ಲಿ ಅದು ಬಲು ಅಗ್ಗ. ದೀರ್ಘಕಾಲ ತಿನ್ನುವವರು ವಿಟಮಿನ್ ಬಿ12 ನೋಡಿಸಿಕೊಳ್ಳಬೇಕು, ನನಗೆ ಕಡಿಮೆಯಾಗಿತ್ತು.

ತೂಕ 70ಕ್ಕೆ, ಹೊಟ್ಟೆಯ ಸುತ್ತಳತೆ 86ಕ್ಕೆ ಬಂದ ಮೇಲೂ ಆರೇಳು ತಿಂಗಳು ತಾನಾಗಿ ಗರ್ಭ ನಿಲ್ಲದಿದ್ದಾಗ, ಅಂಡ ಬೆಳೆಸಲು ಕೊಡುವ ಲೆಟ್ರೊಜೋಲ್‌ಗೆ ಮತ್ತೆ ಒಪ್ಪಿದೆ. ಇದು ಮೂಲತಃ ಸ್ತನ ಕ್ಯಾನ್ಸರಿನ ಮಾತ್ರೆ; ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ನಿಷೇಧಿಸಿ 2017ರಲ್ಲಿ ನಿಷೇಧವನ್ನು ತೆಗೆದರು. ಪಿಸಿಒಎಸ್‌ನಲ್ಲಿ ಅಂಡೋತ್ಪತ್ತಿಗೆ ಇದನ್ನೇ ಮೊದಲ ಔಷಧಿಯಾಗಿ 2018ರ ಮತ್ತು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಸಂಬಂಧಿಕರೊಬ್ಬರು ಹಳೆಯ ಸುದ್ದಿಯನ್ನು ಮುಂದಿಟ್ಟು ಹೆದರಿಸಿದಾಗ ಈ ಇಸವಿಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಮುಟ್ಟಿನ ಮೂರನೆಯ ದಿನದಿಂದ ಐದು ದಿನ 2.5 ಮಿ.ಗ್ರಾಂ.; ಮಾತ್ರೆಯ ಬೆಲೆ ಇನ್ನೂರು ರೂಪಾಯಿಯೊಳಗೆ, ಖರ್ಚೆಲ್ಲ ಸ್ಕ್ಯಾನಿಂಗಿನದು, ಪ್ರತಿ ಸಲಕ್ಕೆ ಏಳೆಂಟುನೂರು. ಈ ಬಾರಿಯ ಮೊದಲ ಸಲ ಫಾಲಿಕಲ್, ಅಂದರೆ ಅಂಡ ಬೆಳೆಯುವ ಕೋಶ, 14 ಮಿ.ಮೀ.ನಲ್ಲಿ ನಿಂತುಬಿಟ್ಟಿತು. ಮುಂದಿನ ಸಲ ಮಾತ್ರೆಯನ್ನು 5 ಮಿ.ಗ್ರಾಂ.ಗೆ ಏರಿಸಿದಾಗ ಎಡ ಅಂಡಾಶಯದಲ್ಲಿ 19ರದು ಬೆಳೆದು ಒಡೆಯಿತು, ಆದರೂ ಮುಟ್ಟಾಯಿತು. ಅದರ ಮರುಸಲ ಉಷ್ಣತೆ ಏರಿದ್ದು ಇಳಿಯಲೇ ಇಲ್ಲ; ಎರಡು ವಾರ ದಾಟಿದ ಮೇಲೆ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿತು. ಹಿಂದೆ 78 ಕೆ.ಜಿ.ಯಲ್ಲಿ ಇದೇ 5 ಮಿ.ಗ್ರಾಂ. ಮಾತ್ರೆಗೆ ನನ್ನ ಅಂಡಾಶಯ ಅಲುಗಿರಲಿಲ್ಲ. ಮಾತ್ರೆ ಅದೇ, ಮೈ ಬೇರೆ ಎಂದು ನಾನು ಎದೆ ತಟ್ಟಿ ಹೇಳುವುದು ಇದೇ ಕಾರಣಕ್ಕೆ.

ಗರ್ಭಿಣಿಯಾದ ಮೇಲೆ ಸಕ್ಕರೆ ಏರುವ ಸಾಧ್ಯತೆ ನಮ್ಮಂಥವರಿಗೆ ಹೆಚ್ಚು. ಮೊದಲ ಭೇಟಿಯಲ್ಲಿ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಸರಿಯಿತ್ತು. ಆರನೆಯ ತಿಂಗಳಲ್ಲಿ ಎರಡು ಗಂಟೆಯ ಅಂಕಿ 140 ದಾಟಿತು. ತಟ್ಟೆಯ ಕ್ರಮ ಮೊದಲೇ ರೂಢಿಯಾಗಿದ್ದರಿಂದ ಇನ್ಸುಲಿನ್ ಬೇಕಾಗಲಿಲ್ಲ. ವೈದ್ಯೆಯ ಒಪ್ಪಿಗೆ ಪಡೆದು ಮರಳಿನ ಗಂಟುಗಳಲ್ಲಿ ಐದರದನ್ನು ಮಾತ್ರ ಇಟ್ಟುಕೊಂಡೆ.

ಮೀಟರು, ಪಟ್ಟಿ, ಥರ್ಮಾಮೀಟರು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಔಷಧಿ, ಬಸ್ಸಿನ ಹಣ ಎಲ್ಲ ಸೇರಿ ನನ್ನ ಈ ಕ್ರಮಕ್ಕೆ ಮೂವತ್ತೈದು ಸಾವಿರ ಮೀರಿರಲಾರದು. ಹೆರಿಗೆಯ ಖರ್ಚು ಬೇರೆ. ಈಗ ತೂಕ 72ರ ಆಚೀಚೆ ಇದೆ, ಪುಸ್ತಕದ ಪ್ರಕಾರ ನಾನಿನ್ನೂ ದಪ್ಪ ಹೆಂಗಸೇ. ಮುಟ್ಟು ಮೂವತ್ತೈದು ದಿನಗಳೊಳಗೆ ಬರುತ್ತಿದೆ, ಎಚ್‌ಬಿಎ1ಸಿ 5.5. ವರ್ಷಕ್ಕೊಮ್ಮೆ ಗ್ಲೂಕೋಸ್ ಪರೀಕ್ಷೆ ಮಾಡಿಸುತ್ತೇನೆ. ಎರಡನೆಯ ಮಗುವಿಗೂ ಇದೇ ಕ್ರಮವನ್ನು ಅನುಸರಿಸುವ ವಿಚಾರವಿದೆ. ಬದಲಾಗುವುದು ಒಂದೇ, ಎಲ್‌ಎಚ್ ಪಟ್ಟಿಗೆ ಈ ಬಾರಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.